ಗೋಡೆ ಬೀದಿಗೆ ಔಷಧಿ ಬಿಡಿ

ಮನೆಯಲ್ಲಿ ಹೆಂಡತಿ ಇಲಿಬೋನು ಇಡುತ್ತಾಳೆ, ಗಂಡ ಬೆಳಗ್ಗೆ ಎದ್ದು ಇಲಿಗಳಿಗೆ ನೀರು ಕುಡಿಸಲು ಹೋಗುತ್ತಾನೆ. ಇಂಥ ಸಂಸಾರವೊಂದು ಹತ್ತೊಂಬತ್ತು ವರ್ಷದಿಂದ ದೊಡ್ಡ ಜಗಳವಿಲ್ಲದೆ ನಡೆದುಕೊಂಡು ಬಂದಿದೆ ಎಂದರೆ ನೀವು ನಂಬಬೇಕು. ಬೋನಿಗೆ ಇಲಿ ಬಿದ್ದ ದಿನ ಅವಳು ಗಂಡ ಸ್ನಾನಕ್ಕೆ ಹೋಗುವುದನ್ನೇ ಕಾದು ಅದನ್ನು ಹೊರಗೆ ಸಾಗಿಸುತ್ತಾಳೆ. ಅವನು ಬಂದು ಖಾಲಿ ಬೋನನ್ನು ನೋಡಿ, ನೋಡದವನಂತೆ ತಲೆ ಒರೆಸಿಕೊಳ್ಳುತ್ತಾನೆ.

ಸಂಶೋಧನಾ ಸಂಸ್ಥೆಯಲ್ಲಿ ಅವನನ್ನು ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಇಲಿಮಾವ ಎಂದೇ ಕರೆಯುವುದು. ಹಿಂಭಾಗದ ಕಟ್ಟಡದಲ್ಲಿ ಕಿಟಕಿಯಿಲ್ಲದ ಒಂದು ಉದ್ದನೆಯ ಕೋಣೆ ಅವನ ರಾಜ್ಯ. ಬೆಳಗ್ಗೆ ಏಳಕ್ಕೆ ದೀಪ ತಾನಾಗಿಯೇ ಹತ್ತುತ್ತದೆ, ಸಂಜೆ ಏಳಕ್ಕೆ ತಾನಾಗಿಯೇ ಆರುತ್ತದೆ. ಒಳಗೆ ಹೋಗಬೇಕಾದರೆ ಎರಡು ಬಾಗಿಲು ದಾಟಬೇಕು, ತಲೆಗೆ ಟೋಪಿ, ಬಾಯಿಗೆ ಮಾಸ್ಕ್, ಕಾಲಿಗೆ ಪ್ಲಾಸ್ಟಿಕ್ ಚೀಲ. ಒಳಗೆ ಕಬ್ಬಿಣದ ಅಟ್ಟಣಿಗೆಗಳ ಮೇಲೆ ಪಾರದರ್ಶಕ ಪಂಜರಗಳು, ಪ್ರತಿಯೊಂದಕ್ಕೂ ತಲೆಕೆಳಗಾಗಿ ಸಿಕ್ಕಿಸಿದ ನೀರಿನ ಬಾಟಲಿ, ಹಾಸಲು ಮರದ ಹೊಟ್ಟು, ಹೆಸರಿನ ಬದಲು ನಂಬರಿನ ಚೀಟಿ. ನಂಬರು ಅವನಿಗೆ ಒಗ್ಗುವುದಿಲ್ಲ. ಅವನ ಲೆಕ್ಕದಲ್ಲಿ ಪಂಜರವೆಂದರೆ ಮನೆ, ಅಟ್ಟಣಿಗೆಯೆಂದರೆ ಬೀದಿ. ಬಾಗಿಲ ಪಕ್ಕದ್ದು ಬಾಗಿಲ ಬೀದಿ, ಎದುರಿನದು ಗೋಡೆ ಬೀದಿ. ಮೊದಮೊದಲು ನಕ್ಕವರೆಲ್ಲ ಈಗ ಹಾಗೆಯೇ ಹೇಳುತ್ತಾರೆ. ಪ್ರಯೋಗಾಲಯದ ಮುಖ್ಯಸ್ಥರಾದ ಸಿಡುಕು ಮೋರೆಯ ದೊಡ್ಡ ಸರ್ ಕೂಡ ಒಮ್ಮೆ ಸಭೆಯಲ್ಲಿ ಬಾಯಿತಪ್ಪಿ "ಗೋಡೆ ಬೀದಿಯವರ ತೂಕ ಎಷ್ಟು?" ಎಂದು ಕೇಳಿ ಕೆಮ್ಮಿದ್ದರಂತೆ.

ಈ ಬೀದಿಗಳ ಕೊನೆ ಎಲ್ಲಿ ಎನ್ನುವುದು ಇಲಿಮಾವನಿಗೆ ಗೊತ್ತಿಲ್ಲದ ವಿಷಯವಲ್ಲ. ಪ್ರಯೋಗ ಮುಗಿದ ಮೇಲೆ ಯಾವ ಇಲಿಯೂ ಮನೆಗೆ ಮರಳುವುದಿಲ್ಲ. "ಕೊನೆ ಗೊತ್ತಿದೆ ಅಂತ ಇವತ್ತಿನ ನೀರು ಕೊಳಕಾಗಿರ್ಬೇಕಾ?" ಎಂದು ಅವನು ಕೇಳುತ್ತಾನೆ. ದಿನವೂ ಬಾಟಲಿ ತೊಳೆಯುತ್ತಾನೆ, ದಿನವೂ ಒಂದೊಂದನ್ನೇ ಎತ್ತಿ ತಕ್ಕಡಿಯಲ್ಲಿಟ್ಟು ತೂಗಿ, ದುಂಡನೆಯ ಅಕ್ಷರದಲ್ಲಿ ದಪ್ಪ ಪುಸ್ತಕದಲ್ಲಿ ಬರೆಯುತ್ತಾನೆ. ತೂಕ ಇಳಿದರೆ ಅವನ ಮುಖವೂ ಇಳಿಯುತ್ತದೆ. ಇಷ್ಟು ಮೆತ್ತಗಿನ ಮನಸ್ಸಿನವನು ಈ ಕೆಲಸಕ್ಕೆ ಯಾಕೆ ಬಂದ ಎಂದು ಕೇಳಬೇಡಿ, ಮೆತ್ತಗಿನ ಮನಸ್ಸಿನವರು ಮಾಡಬೇಕಾದ ಕೆಲಸವೇ ಅದು ಎಂದು ನನಗೆ ಅನ್ನಿಸುತ್ತದೆ.

ನಾಲ್ಕು ವರ್ಷದ ಹಿಂದೆ ಒಬ್ಬಳು ಹುಡುಗಿ ಸಂಶೋಧನೆಗೆಂದು ಬಂದಳು. ಸಣಕಲು, ದಪ್ಪ ಕನ್ನಡಕ, ಮಾತು ಮಾತ್ರ ಗಟ್ಟಿ. ಮೊದಲ ದಿನದಿಂದಲೇ ಇಲಿಮಾವ ಅವಳನ್ನು ಡಾಕ್ಟರಮ್ಮ ಎಂದು ಕರೆದ.

"ಇನ್ನೂ ಆಗಿಲ್ಲ ಮಾವ. ಡಿಗ್ರಿ ಬಂದ್ಮೇಲೆ ಕರೀರಿ."

"ಆಮೇಲೆ ಎಲ್ರೂ ಕರೀತಾರೆ. ಮೊದ್ಲು ಕರೆದವನು ನಾನಾಗಿರ್ಲಿ ಬಿಡಿ."

ಅವಳ ಪ್ರಶ್ನೆ ಏನೆಂದು ಬಾಟಲಿ ತೊಳೆಯುವ ತೊಟ್ಟಿಯ ಪಕ್ಕ ನಿಂತು ಒಂದು ದಿನ ಅವಳೇ ಬಿಡಿಸಿ ಹೇಳಿದ್ದಳು. "ಹೊಟ್ಟೆಗೆ ಸೋಂಕು ತಗುಲಿದ ಕೂಡ್ಲೇ ಔಷಧಿ ಕೊಟ್ರೆ ರೋಗಾಣು ಸಾಯುತ್ತೆ. ಒಳ್ಳೇದೇ. ಆದ್ರೆ ಮೈಗೆ ಅದರ ಪರಿಚಯವೇ ಆಗಿರಲ್ಲ. ಕಳ್ಳ ಬಂದ, ಪೊಲೀಸರು ಹಿಡ್ಕೊಂಡು ಹೋದ್ರು, ಮನೆಯವರು ಮಲಗೇ ಇದ್ರು ಅಂತಿಟ್ಕೊಳ್ಳಿ. ತಿಂಗಳು ಬಿಟ್ಟು ಅದೇ ಕಳ್ಳ ಬಂದ್ರೆ ಗುರುತು ಹಿಡಿಯೋರ್ಯಾರು?"

"ಎದ್ದಿದ್ರೆ ಮನೆಯವರು ಒದೆ ತಿಂತಿದ್ರಲ್ಲ?"

"ತಿಂತಿದ್ರು. ತಿಂತಾ ತಿಂತಾ ಮುಖ ನೋಡ್ಕೊಳ್ತಿದ್ರು."

ಇಲಿಮಾವ ಬಾಟಲಿಗೆ ಬ್ರಷ್ ಹಾಕಿ ತಿರುಗಿಸುತ್ತ ಯೋಚಿಸಿದ. "ಹಾಗಾದ್ರೆ ಜ್ವರ ಬಂದ ಮಕ್ಕಳಿಗೆ ಔಷಧಿ ಕೊಡ್ಬಾರ್ದು ಅಂತೀರಾ?"

"ಅಯ್ಯೋ, ಹಾಗಂತ ಹೊರಗೆ ಎಲ್ಲೂ ಹೇಳ್ಬೇಡಿ! ಮಕ್ಕಳು ಇಲಿಗಳಲ್ಲ. ಡಾಕ್ಟ್ರು ಬರೆದದ್ದನ್ನ ಪೂರ್ತಿ ಕೊಡ್ಲೇಬೇಕು. ಔಷಧೀನೂ ಕೊಟ್ಟು, ಮೈಗೆ ಆ ಪಾಠಾನೂ ಕಲಿಸೋದು ಹೇಗೆ ಅಂತ ಹುಡುಕ್ಬೇಕು. ಅದಕ್ಕೆ ಮೊದ್ಲು ಈ ಪಾಠ ತಪ್ಪಿಹೋಗೋದು ನಿಜಾನಾ ಅಂತ ಗೊತ್ತಾಗ್ಬೇಕಲ್ಲ."

ಅವಳಿಗೆ ಸ್ವಂತ ಕಾರಣವೂ ಇತ್ತು. ವರ್ಷಕ್ಕೆ ಎರಡು ಮೂರು ಸಲ ಅವಳ ಹೊಟ್ಟೆ ಕೈಕೊಡುತ್ತಿತ್ತು. ಸಂಸ್ಥೆಯ ಕ್ಯಾಂಟೀನಿನವನು ಅವಳನ್ನು ಕಂಡರೆ ತಟ್ಟೆಯನ್ನು ಇನ್ನೊಮ್ಮೆ ತೊಳೆಯುತ್ತಿದ್ದ.

ಪ್ರಯೋಗ ಸುಲಭದ್ದು. ಬೀದಿಗೆ ನಾಲ್ಕು ಮನೆ, ಮನೆಗೆ ಐದು ಇಲಿ. ಎರಡೂ ಬೀದಿಗೆ ಒಂದೇ ದಿನ ಸೌಮ್ಯವಾದ ರೋಗಾಣುವನ್ನು ಹೊಟ್ಟೆಗೆ ಕೊಡುವುದು, ಇಲಿ ನರಳಬೇಕು ಆದರೆ ಸಾಯಬಾರದು ಅಂಥದ್ದು. ಬಾಗಿಲ ಬೀದಿಗೆ ಮಾರನೆಯ ದಿನದಿಂದಲೇ ಐದು ದಿನ ನೀರಿನಲ್ಲಿ ಔಷಧಿ. ಗೋಡೆ ಬೀದಿಗೆ ಮೂರನೆಯ ದಿನ, ಅಂದರೆ ತಡವಾಗಿ. ನಲವತ್ತು ದಿನ ಬಿಟ್ಟು ಅದೇ ರೋಗಾಣುವಿನ ಉಗ್ರ ಜಾತಿಯನ್ನು ಎರಡೂ ಬೀದಿಗೆ ಕೊಟ್ಟು, ಯಾರು ನಿಲ್ಲುತ್ತಾರೆ ನೋಡುವುದು. ಎರಡು ಬೀದಿಗೂ ಬೇಕಾದ ಔಷಧಿಯನ್ನು ಅವಳೇ ಕಲಸಿ, ಎರಡು ಸೀಸೆಗಳಲ್ಲಿ ತುಂಬಿ, ತಣ್ಣನೆ ಕಪಾಟಿನಲ್ಲಿಟ್ಟಿದ್ದಳು. ಪಕ್ಕದಲ್ಲಿ ರಬ್ಬರಿನ ತಲೆಯ ಹನಿಕೊಳವೆ. ಒಂದು ಬಾಟಲಿ ನೀರಿಗೆ ಇಪ್ಪತ್ತು ಹನಿ ಬಿಡಬೇಕು.

ಎರಡನೆಯ ದಿನವೇ ಡಾಕ್ಟರಮ್ಮ ಹಾಸಿಗೆ ಹಿಡಿದಳು. ಬೇರೇನಲ್ಲ, ಅದೇ ಹಾಳು ಹೊಟ್ಟೆ.

ಮೂರನೆಯ ದಿನ ಬೆಳಗ್ಗೆ ಇಲಿಮಾವ ಗೋಡೆ ಬೀದಿಯ ಮುಂದೆ ಕುಳಿತಿದ್ದ. ಇಪ್ಪತ್ತೂ ಇಲಿಗಳು ಮೈ ಉಬ್ಬಿಸಿಕೊಂಡು, ಕೂದಲು ನಿಮಿರಿಸಿಕೊಂಡು, ಮೂಲೆಯಲ್ಲಿ ಒಂದರ ಮೇಲೊಂದು ಒರಗಿದ್ದವು. ಎದುರು ಬೀದಿಯಲ್ಲಿ ಔಷಧಿ ಕುಡಿದವರು ಆಗಲೇ ಹೊಟ್ಟು ಕೆದಕುತ್ತಿದ್ದರು. ಒಂದೇ ಕೋಣೆಯಲ್ಲಿ ಈ ಅನ್ಯಾಯ ನೋಡಲಾಗದೆ ಅವನು ಸೀಸೆಯನ್ನು ಮುಂಚೆಯೇ ಹೊರಗೆ ತೆಗೆದಿಟ್ಟುಕೊಂಡು, ಅಪ್ಪಣೆಗಾಗಿ ಕಾಯುತ್ತಿದ್ದ. ಫೋನು ಬಂತು.

"ಮಾವ..." ಧ್ವನಿ ಬಾವಿಯೊಳಗಿಂದ ಬಂದಂತಿತ್ತು. "ನಿನ್ನೆಯಿಂದ ಯೋಚ್ನೆ ಮಾಡ್ತಿದ್ದೆ. ಗೋಡೆ ಬೀದಿಗೆ ಔಷಧಿ ಬಿಡಿ."

"ಆಯ್ತು ಡಾಕ್ಟರಮ್ಮ. ನೀವು ಹುಷಾರು."

"ಅಯ್ಯೋ, ಮತ್ತೆ ಬಂತು, ಇಡ್ತೀನಿ," ಎಂದು ಅವಳು ಬಚ್ಚಲಿಗೆ ಓಡಿದಳು.

ಅಷ್ಟೇ ಮಾತು. ಇಲಿಮಾವ ಕೈಗವಸು ಹಾಕಿಕೊಂಡು ಹಿಗ್ಗಿನಿಂದ ಹನಿಕೊಳವೆ ಹಿಡಿದ. ಮೊದಲ ಮನೆಗೆ ಇಪ್ಪತ್ತು ಹನಿ, ಎರಡನೆಯದಕ್ಕೆ ಇಪ್ಪತ್ತು, ಮೂರನೆಯದಕ್ಕೆ ಇಪ್ಪತ್ತು. ನಾಲ್ಕನೆಯ ಮನೆಗೆ ಬರುವಷ್ಟರಲ್ಲಿ ಒದ್ದೆ ಕೈಗವಸಿನಿಂದ ಸೀಸೆ ಜಾರಿ ತೊಟ್ಟಿಯೊಳಗೆ ಉರುಳಿತು. ಎತ್ತುವಷ್ಟರಲ್ಲಿ ಕಾಲು ಭಾಗಕ್ಕೂ ಹೆಚ್ಚು ಚೆಲ್ಲಿಹೋಗಿತ್ತು. ಲೆಕ್ಕ ಹಾಕಿದ. ಉಳಿದದ್ದು ಮೂರು ಮನೆಗೆ ಐದು ದಿನಕ್ಕೆ ಸರಿಹೋಗುತ್ತದೆ, ನಾಲ್ಕಕ್ಕೆ ಆಗುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವನ ಕೈಯಿಂದ ಒಂದು ಬಾಟಲಿ ಬಿದ್ದದ್ದಿಲ್ಲ. ಕಾಯಿಲೆ ಮಲಗಿದ ಹುಡುಗಿಗೆ ಫೋನು ಮಾಡಿ ಚೆಲ್ಲಿಬಿಟ್ಟೆ ಎನ್ನಲು ನಾಚಿಕೆಯಾಯಿತು. ನಾಲ್ಕನೆಯದು ಮೂಲೆಮನೆ. ಅಲ್ಲಿದ್ದವರು ಐದೂ ಪುಂಡರು, ಹಾಸಿದ ಹೊಟ್ಟನ್ನೆಲ್ಲ ಹೊರಗೆ ತೂರುವವರು. "ನೀವು ಗಟ್ಟಿಗರು, ಹೇಗೋ ಸುಧಾರಿಸ್ಕೊಳ್ಳಿ," ಎಂದು ಅವುಗಳಿಗೆ ಸಾದಾ ನೀರಿಟ್ಟ. ಪುಸ್ತಕದಲ್ಲಿ ಚೆಲ್ಲಿದ್ದರ ಸುದ್ದಿ ಎತ್ತದೆ, "ಗೋಡೆ ಬೀದಿ: ಔಷಧಿ ಬಿಟ್ಟಿದೆ" ಎಂದು ಬರೆದ.

ಮೂರು ಮನೆಯವರು ಎರಡೇ ದಿನಕ್ಕೆ ಚುರುಕಾದರು. ಮೂಲೆಮನೆಯವರು ಹನ್ನೆರಡು ದಿನ ನರಳಿದರು. ಒಬ್ಬೊಬ್ಬರೂ ಮೂರು ನಾಲ್ಕು ಗ್ರಾಂ ಇಳಿದರು, ಅಷ್ಟು ಪುಟ್ಟ ಮೈಗೆ ಅದು ಸಣ್ಣ ಇಳಿತವಲ್ಲ. ಇಲಿಮಾವ ಒಂದು ಗುಲಗಂಜಿಯೂ ಹೆಚ್ಚುಕಡಿಮೆ ಮಾಡದೆ ಆ ತೂಕವನ್ನು ಬರೆದ.

ವಾರ ಬಿಟ್ಟು ಬಂದ ಡಾಕ್ಟರಮ್ಮ ಪುಸ್ತಕ ನೋಡಿ, ಗೋಡೆ ಬೀದಿ ನೋಡಿ, ಕುಣಿಯುವುದೊಂದು ಬಾಕಿ. "ನೋಡಿ ಮಾವ, ಎಷ್ಟು ಬೇಗ ಚೇತರಿಸ್ಕೊಂಡಿದಾವೆ!"

"ಚೇತರಿಸ್ಕೊಳ್ದೆ ಇರ್ತಾವಾ?" ಎಂದ ಇಲಿಮಾವ, ಔಷಧಿಯ ಮಹಿಮೆಯನ್ನು ನೆನೆದು. "ಮೂಲೆಮನೆಯವರದ್ದು ಮಾತ್ರ ಸ್ವಲ್ಪ..."

"ಅವಕ್ಕೆ ಸೋಂಕು ಜಾಸ್ತಿ ತಗುಲಿರ್ಬೇಕು. ಪರವಾಗಿಲ್ಲ." ಕಪಾಟಿನಲ್ಲಿ ಎರಡನೆಯ ಸೀಸೆ ಇರಲಿಲ್ಲ. ಬೇಡದ ಔಷಧಿಯನ್ನು ಮಾವ ಚೆಲ್ಲಿರಬೇಕು ಎಂದುಕೊಂಡಳು. ಚೆಲ್ಲಿದ್ದರ ಸುದ್ದಿ ಅವಳು ಕೇಳಲಿಲ್ಲವಲ್ಲ ಎಂದು ಅವನೂ ಉಸಿರು ಬಿಟ್ಟ.

ನಲವತ್ತು ದಿನ ಕಳೆದವು. ಉಗ್ರ ರೋಗಾಣು ಬಂತು. ಐದನೆಯ ದಿನಕ್ಕೆ ಬಾಗಿಲ ಬೀದಿ ಮಲಗಿತು. ಅದು ಅವಳು ಎಣಿಸಿದ್ದೇ. ಆರನೆಯ ದಿನಕ್ಕೆ ಗೋಡೆ ಬೀದಿಯ ಮೊದಲ ಮೂರು ಮನೆಗಳೂ ಮಲಗಿದವು. ತೀರಾ ನರಳುತ್ತಿದ್ದವನ್ನು ಅವಳೇ ಒಂದೊಂದಾಗಿ ನೋವಿಲ್ಲದಂತೆ ಕೊನೆಯ ನಿದ್ದೆಗೆ ಮಲಗಿಸಿದಳು. ಆ ಕೆಲಸವನ್ನು ಅವಳು ಯಾರಿಗೂ ಒಪ್ಪಿಸುತ್ತಿರಲಿಲ್ಲ, ಇಲಿಮಾವ ಪ್ರತಿ ಸಲವೂ ಪಕ್ಕದಲ್ಲಿ ನಿಂತಿರುತ್ತಿದ್ದ. ಹದಿನೈದರಲ್ಲಿ ಎರಡು ಉಳಿದವು. ಮೂಲೆಮನೆಯ ಐದು ಪುಂಡರು ಮಾತ್ರ ಏನೂ ಆಗದವರಂತೆ ಹೊಟ್ಟು ತೂರುತ್ತಿದ್ದರು.

ಶುಕ್ರವಾರ ದೊಡ್ಡ ಸರ್ ಬಂದು, ಕೈ ಹಿಂದೆ ಕಟ್ಟಿಕೊಂಡು ಎರಡೂ ಬೀದಿ ನೋಡಿದರು. "ಔಷಧಿ ಕೊಟ್ಟದ್ದಕ್ಕೂ ಕೊಡದೆ ಇದ್ದದ್ದಕ್ಕೂ ವ್ಯತ್ಯಾಸವೇ ಇಲ್ಲ. ನಿಮ್ಮ ಊಹೆ ತಪ್ಪು ಅಂತ ಇಲಿಗಳೇ ಹೇಳ್ತಿವೆ. ಆ ಮೂಲೆಯ ಐದಕ್ಕೆ ಎರಡನೇ ಸಲ ಸೋಂಕು ಸರಿಯಾಗಿ ಹೋಗಿಲ್ಲ, ಲೆಕ್ಕದಿಂದ ತೆಗೆದುಹಾಕಿ. ಸೋಮವಾರ ಸಭೆಯಲ್ಲಿ ಈ ವಿಷಯ ಮುಚ್ಚಿಬಿಡೋಣ."

ವಿಷಯ ಮುಚ್ಚಿದರೆ ಅವಳ ನಾಲ್ಕು ವರ್ಷವೂ ಮುಚ್ಚಿದ ಹಾಗೆ. ಅವಳ ಅವಧಿ ಉಳಿದಿದ್ದದ್ದು ಐದು ತಿಂಗಳು, ಹೊಸ ವಿಷಯ ಹಿಡಿಯಲು ಅದು ಯಾವ ಮೂಲೆಗೆ? ಸರ್ ಹೋದ ಮೇಲೆ ಅವಳು ಮರದ ಸ್ಟೂಲಿನ ಮೇಲೆ ಕುಳಿತಳು. ಕನ್ನಡಕದ ಒಳಗೆ ಆವಿ ಕಟ್ಟಿತ್ತು.

"ಇನ್ಮೇಲೆ ಡಾಕ್ಟರಮ್ಮ ಅನ್ಬೇಡಿ ಮಾವ. ನಾಚಿಕೆ ಆಗುತ್ತೆ."

ಇಲಿಮಾವ ಒಂದು ಲೋಟ ಬಿಸಿನೀರು ತಂದಿಟ್ಟ. ಸರ್ ಬಾಯಲ್ಲಿ ಬಂದ "ಕೊಡದೆ ಇದ್ದದ್ದು" ಎಂಬ ಮಾತು ಅವನ ಕಿವಿಗೆ ತಾಗಿತ್ತು. ಗೋಡೆ ಬೀದಿಗೆ ಕೊಟ್ಟಿದ್ದೇವಲ್ಲ, ತಡವಾಗಿ ಕೊಟ್ಟದ್ದನ್ನು ಕೊಡದೆ ಇದ್ದದ್ದು ಅನ್ನುತ್ತಾರೋ ಏನೋ, ದೊಡ್ಡವರ ಲೆಕ್ಕ ಎಂದು ಸುಮ್ಮನಾದ. ಅವಳು ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದಳು. "ಇಲ್ಲಿ ನೀವೇ ಬರೆದಿದೀರಿ, ಔಷಧಿ ಬಿಟ್ಟಿದೆ ಅಂತ. ಅಲ್ವಾ?"

"ಹೌದು, ಬಿಟ್ಟಿದೆ. ನಾನೇ ಬಿಟ್ಟದ್ದು."

"ಮತ್ತೆ ಯಾಕೆ ಹೀಗಾಯ್ತು?"

ಇಬ್ಬರೂ ಒಂದೇ ಸಾಲನ್ನು ನೋಡುತ್ತ ಕುಳಿತರು. ಒಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನ ಇಲಿಮಾವನ ಹೆಂಡತಿ ಕಣ್ಣಿನ ಆಸ್ಪತ್ರೆಯಿಂದ ತಂಗಿಯ ಜೊತೆ ವಾಪಸು ಬಂದಳು. ತಿಂಗಳ ಹಿಂದೆ ಪೊರೆ ತೆಗೆಸಿಕೊಂಡಿದ್ದಳು. ಅಂದಿನಿಂದ ದಿನಕ್ಕೆ ಮೂರು ಸಲ ಗಂಡನೇ ಕಣ್ಣಿಗೆ ಹನಿ ಬಿಡುವುದು, ಇಲಿಗಳಿಗೆ ಬಿಟ್ಟ ಅಭ್ಯಾಸದ ಕೈ, ಒಂದು ಹನಿಯೂ ಕೆನ್ನೆಗೆ ಇಳಿಯುತ್ತಿರಲಿಲ್ಲ.

"ಏನಂದ್ರು?"

"ಕಣ್ಣು ಚೆನ್ನಾಗಿದೆ, ಇವತ್ತಿಂದ ಔಷಧಿ ಬಿಡಿ ಅಂದ್ರು," ಎನ್ನುತ್ತ ಅವಳು ಕುರ್ಚಿಗೆ ಒರಗಿದಳು.

ಇಲಿಮಾವ ಎದ್ದು, ಕೈ ತೊಳೆದು, ಸೀಸೆ ತಂದು, ಅವಳ ಗಲ್ಲ ಹಿಡಿದು ತಲೆಯನ್ನು ಹಿಂದಕ್ಕೆ ಬಾಗಿಸಿ ರೆಪ್ಪೆ ಎತ್ತಿದ.

"ಅಯ್ಯೋ, ಏನ್ರೀ ಮಾಡ್ತಿದೀರಾ!" ಅವಳು ಕೊಸರಿಕೊಂಡು ಕುಳಿತಳು. "ಬಿಡಿ ಅಂದ್ರೆ ಬಿಟ್ಬಿಡಿ ಅಂತ! ಬಿಡಿ ಅಂತಲ್ಲ!"

"ಅದೇ ಬಿಡ್ತಿದೀನಲ್ಲ."

"ಬಿಡೋದಲ್ಲ ರೀ, ಬಿಡೋದು! ನಿಲ್ಸೋದು! ಇನ್ನು ಔಷಧಿ ಬೇಡ ಅಂತ. ಕನ್ನಡ ಬರಲ್ವಾ ನಿಮಗೆ?" ಎಂದವಳೇ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನಕ್ಕು ನಕ್ಕು ಹೊಸ ಕಣ್ಣಲ್ಲೂ ಹಳೆ ಕಣ್ಣಲ್ಲೂ ನೀರು ಬಂತು.

ಗಂಡ ನಗಲಿಲ್ಲ. ಸೀಸೆ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. ಗೋಡೆ ಬೀದಿಗೆ ಔಷಧಿ ಬಿಡಿ. ನಿನ್ನೆಯಿಂದ ಯೋಚ್ನೆ ಮಾಡ್ತಿದ್ದೆ, ಔಷಧಿ ಬಿಡಿ. ಮೊದಲೇ ಗೊತ್ತುಮಾಡಿದ ಕೆಲಸಕ್ಕೆ ಯಾರಾದರೂ ರಾತ್ರಿಯೆಲ್ಲ ಯಾಕೆ ಯೋಚನೆ ಮಾಡುತ್ತಾರೆ? ಮೈ ಪಾಠವನ್ನು ಪೂರ್ತಿ ಕಲಿಯಲಿ, ಔಷಧಿ ಬೇಡ ಎನ್ನಲಿಕ್ಕೇ ಯೋಚಿಸಿದ್ದಳು. ಅವನು ಹದಿನೈದು ಇಲಿಗಳಿಗೆ ಔಷಧಿ ಕುಡಿಸಿ, ಪುಸ್ತಕದಲ್ಲಿ ಔಷಧಿ ಬಿಟ್ಟಿದೆ ಎಂದು ಬರೆದಿದ್ದ. ಅವಳು ಅದನ್ನು ಓದಿ ಕೊಟ್ಟಿಲ್ಲ ಎಂದು ತಿಳಿದಿದ್ದಳು. ಕೊಡದೆ ಉಳಿದದ್ದು ಮೂಲೆಮನೆ ಒಂದೇ. ಇಡಿಯಾಗಿ ಬದುಕಿದ್ದೂ ಮೂಲೆಮನೆ ಒಂದೇ.

ಅವನು ಕುರ್ಚಿ ಎಳೆದುಕೊಂಡು ಕುಳಿತ. ಹೆಂಡತಿಗೆ ಗಾಬರಿಯಾಯಿತು. ನಿಧಾನವಾಗಿ ಎಲ್ಲವನ್ನೂ ಹೇಳಿದ, ಸೀಸೆ ಜಾರಿದ್ದನ್ನೂ ಸೇರಿಸಿ.

"ಅವಳೇ ಎರಡರ್ಥ ಬರೋ ಹಾಗೆ ಆಡಿದ ಮಾತು. ನಿಮ್ಮದೇನು ತಪ್ಪು?" ಎಂದಳು ಹೆಂಡತಿ.

"ಧ್ವನಿಯಲ್ಲಿ ಇನ್ನೇನೋ ಇತ್ತು ಕಣೇ. ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತು. ಕೇಳಿದ್ರೆ ಎಲ್ಲಿ ಬೇಡ ಅಂದುಬಿಡ್ತಾಳೋ ಅಂತ ಕೇಳ್ಲಿಲ್ಲ." ಇದನ್ನು ಅವನು ತನಗೆ ತಾನೇ ಒಪ್ಪಿಕೊಂಡದ್ದೂ ಆಗಲೇ. ಕರುಣೆಯಿಂದಲೇ ಮಾಡಿದ್ದ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಕರುಣೆ ಹದಿಮೂರು ಇಲಿಗಳನ್ನು ತಿಂದಿತ್ತು, ಒಂದು ಹುಡುಗಿಯ ನಾಲ್ಕು ವರ್ಷವನ್ನು ತಿನ್ನಲು ಸೋಮವಾರಕ್ಕೆ ಕಾದು ಕುಳಿತಿತ್ತು.

"ಹೇಳಿದ್ರೆ ಕೆಲ್ಸ ಹೋಗುತ್ತಾ?"

ಅವನಿಗಿಂತ ಮುಂಚೆ ಇದ್ದವನು ಎರಡು ಪಂಜರದ ಚೀಟಿ ಅದಲುಬದಲು ಮಾಡಿದ್ದಕ್ಕೆ ಮಾರನೆಯ ದಿನವೇ ಮನೆಗೆ ಹೋಗಿದ್ದ. ಇಲಿಮಾವನ ಕೆಲಸವೂ ವರ್ಷವರ್ಷ ಸರ್ ಸಹಿ ಹಾಕಿದರೆ ಮುಂದುವರಿಯುವಂಥದ್ದು, ಮತ್ತು ಸಹಿಯ ತಿಂಗಳು ಹತ್ತಿರ ಬಂದಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪುಸ್ತಕದ ಸಾಲು ಎರಡು ಕಡೆಗೂ ಸಾಕ್ಷಿ ಹೇಳುತ್ತದೆ.

ಹೆಂಡತಿ ಅವನ ಕೈಯಿಂದ ಸೀಸೆ ತೆಗೆದುಕೊಂಡು ಮುಚ್ಚಳ ತಿರುಗಿಸಿದಳು. "ಇಷ್ಟು ವರ್ಷ ಬೋನಿನ ಇಲೀನ ನಿಮ್ಮ ಕಣ್ತಪ್ಪಿಸಿ ಸಾಗಿಸ್ತಾ ಬಂದಿದೀನಿ, ನಿಮ್ಮ ಮುಖ ನೋಡೋಕೆ ಆಗಲ್ಲ ಅಂತ. ನಾಳೆಯಿಂದ ಆ ಮುಖಾನ ದಿನಾ ನೋಡು ಅಂದ್ರೆ ನನ್ನಿಂದಾಗಲ್ಲ. ಹೋಗಿ ಹೇಳ್ಬನ್ನಿ."

ಸೋಮವಾರ ದೀಪ ಹತ್ತುವ ಮೊದಲೇ ಅವನು ಬಾಗಿಲಲ್ಲಿ ನಿಂತಿದ್ದ. ಡಾಕ್ಟರಮ್ಮ ಬಂದಳು, ಕೈಯಲ್ಲಿ ಸಭೆಯ ಕಾಗದ. ಅವನು ಟೋಪಿ ತೆಗೆದು, ನಿಂತಲ್ಲೇ ಹೇಳಿ ಮುಗಿಸಿದ.

ಅವಳು ಕೂಗಾಡಿದಳು. ಕೂಗಾಡಬೇಕಾದದ್ದೇ. "ಒಂದ್ಸಲ ಫೋನ್ ಮಾಡೋಕೆ ಏನಾಗಿತ್ತು ನಿಮಗೆ? ಆ ಹದಿಮೂರನ್ನೂ ಈ ಕೈಯಲ್ಲೇ ಮಲಗಿಸಿದೀನಿ ಮಾವ, ಈ ಕೈಯಲ್ಲಿ!" ಎಂದು ಎರಡೂ ಕೈ ಅವನ ಮುಖದ ಮುಂದೆ ಹಿಡಿದಳು. ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಅವಳು ಮಾತಿನ ಮಧ್ಯೆಯೇ ನಿಂತುಬಿಟ್ಟಳು.

"ಮೂಲೆಮನೆಗೆ ಒಂದು ಹನೀನೂ ಇಲ್ವಾ?"

"ಇಲ್ಲ. ಬರೀ ನೀರು."

"ಪುಸ್ತಕ ಕೊಡಿ."

ಇಬ್ಬರೂ ನೆಲದ ಮೇಲೆ ಕುಳಿತು ತೂಕದ ಪುಟಗಳನ್ನು ತಿರುವಿದರು. ಗೋಡೆ ಬೀದಿಯ ಮೂರು ಮನೆಗಳ ತೂಕ ಐದನೆಯ ದಿನಕ್ಕೇ ಏರಿತ್ತು. ಮೂಲೆಮನೆಯದ್ದು ಹನ್ನೆರಡು ದಿನ ಇಳಿದು ಇಳಿದು, ಆಮೇಲೆ ತಾನಾಗಿಯೇ ಮೇಲಕ್ಕೆ ಬಂದಿತ್ತು. ಅವನ ಬಾಯಿ ಏನೇ ಹೇಳಲಿ, ಔಷಧಿ ಯಾರಿಗೆ ಸಿಕ್ಕಿತು ಯಾರಿಗೆ ಸಿಕ್ಕಲಿಲ್ಲ ಎನ್ನುವುದನ್ನು ಆ ದುಂಡನೆಯ ಅಂಕಿಗಳೇ ಹೇಳುತ್ತಿದ್ದವು.

"ಒದೆ ತಿಂದು ಮುಖ ನೋಡ್ಕೊಂಡವರು," ಎಂದ ಇಲಿಮಾವ ಮೆಲ್ಲಗೆ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟವಿತ್ತು.

ಸಭೆಯಲ್ಲಿ ದೊಡ್ಡ ಸರ್ ಪೂರ್ತಿ ಕೇಳಿದರು, ಮಧ್ಯೆ ಬಾಯಿ ಹಾಕದೆ. ಕೊನೆಗೆ ಹೇಳಿದರು, "ಐದು ಇಲಿ, ಒಂದು ತಪ್ಪಿದ ಕಿವಿ. ಇದು ಫಲಿತಾಂಶ ಅಲ್ಲ, ಸುಳಿವು. ಮೊದಲಿಂದ ಮತ್ತೆ ಮಾಡಿ, ಮೂರು ತಿಂಗಳು ಕೊಡ್ತೀನಿ. ಆದ್ರೆ ನಡೆದದ್ದು ನಡೆದ ಹಾಗೆ ದಾಖಲೆಯಲ್ಲಿ ಇರ್ಬೇಕು. ಇಲಿಮಾವ, ನೀವು ಬರೆದು ಸಹಿ ಮಾಡಿ."

ಅವನು ಸಹಿ ಮಾಡುವ ಕಾಗದ ತನ್ನ ಕೆಲಸದ ಕಾಗದವನ್ನೂ ನುಂಗಬಹುದು ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಡಾಕ್ಟರಮ್ಮ ಏನೋ ಹೇಳಲು ಬಾಯಿ ತೆರೆದಳು. ಅವನು ಅಷ್ಟರಲ್ಲಿ ಪೆನ್ನು ತೆಗೆದಾಗಿತ್ತು. "ನಾನು ಗೋಡೆ ಬೀದಿಯ ಮೂರು ಮನೆಗಳಿಗೆ ಔಷಧಿ ಬಿ" ಎಂದು ಬರೆದು, ನಿಲ್ಲಿಸಿ, ಕೊನೆಯ ಅಕ್ಷರವನ್ನು ಹೊಡೆದುಹಾಕಿ, "ಹಾಕಿದೆ" ಎಂದು ಬರೆದ. ಸೀಸೆ ಚೆಲ್ಲಿದ್ದನ್ನೂ, ಇನ್ನೊಮ್ಮೆ ಕೇಳಬೇಕೆನ್ನಿಸಿಯೂ ಕೇಳದೆ ಹೋದದ್ದನ್ನೂ ಬರೆದ.

ಸರ್ ಅದನ್ನು ಎರಡು ಸಲ ಓದಿದರು. "ಈ ತಪ್ಪಿಗೆ ನಿಮ್ಮನ್ನ ಕಳಿಸ್ಬೇಕು. ಕಳಿಸಿದ್ರೆ ನಾಳೆಯಿಂದ ಇಂಥ ತೂಕ ಬರೆಯೋರು ಯಾರು ಅಂತ ನೋಡ್ತಿದೀನಿ." ಕನ್ನಡಕ ತೆಗೆದು ಒರೆಸಿದರು. "ಇರಿ. ಆದ್ರೆ ಇನ್ಮೇಲೆ ನೀವು ಔಷಧಿ ಮುಟ್ಟೋ ಹಾಗಿಲ್ಲ. ನೀರು, ಹೊಟ್ಟು, ತಕ್ಕಡಿ, ಅಷ್ಟೇ."

ಆ ಒಂದು ದಿನ ಹೊರತು ಹತ್ತೊಂಬತ್ತು ವರ್ಷ ಒಂದು ಹನಿ ಆಚೀಚೆ ಬೀಳದ ಕೈಗೆ ಅದು ಸಣ್ಣ ಪೆಟ್ಟಲ್ಲ. ಅವನು ತಲೆಯಾಡಿಸಿ ಹೊರಗೆ ಬಂದು, ಹನಿಕೊಳವೆಯನ್ನು ತೊಳೆದು ಒರೆಸಿ, ತಾನೇ ಡಾಕ್ಟರಮ್ಮನ ಕೈಗೆ ಕೊಟ್ಟ. ಅವಳು ಪ್ರಾಣಿಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಕಾಗದ ಅಂಟಿಸಿದಳು: "ಹಾಕಿ. ಹಾಕಬೇಡಿ. ಮೂರನೆಯ ಮಾತು ಇಲ್ಲಿ ಬೇಡ." ಇಲಿಮಾವ ಓದಿ, ಆ ದಿನ ಮೊದಲ ಸಲ ನಕ್ಕ.

ಹೊಸ ನಲವತ್ತು ಇಲಿಗಳು ಬಂದವು. ಈ ಸಲ ಗೋಡೆ ಬೀದಿಯ ಇಪ್ಪತ್ತಕ್ಕೂ ಸಾದಾ ನೀರು. ಮೂರನೆಯ ದಿನ ಅವು ಮೈ ಉಬ್ಬಿಸಿಕೊಂಡು ಒಂದರ ಮೇಲೊಂದು ಒರಗಿದಾಗ ಇಲಿಮಾವ ಅವುಗಳ ಎದುರು ಸ್ಟೂಲು ಹಾಕಿಕೊಂಡು ಕುಳಿತ. ಮಾಡುವುದಕ್ಕೆ ಏನೂ ಇರಲಿಲ್ಲ. ನೀರು ಬದಲಿಸಿದ, ಮೆತ್ತನೆಯ ಹೊಟ್ಟು ಹಾಸಿದ, ತೂಗಿ ಬರೆದ. ಕೈ ಎರಡು ಸಲ ಕಪಾಟಿನ ಕಡೆ ಹೋಗಿ ವಾಪಸು ಬಂತು. ಆ ಹನ್ನೆರಡು ದಿನ ಅವನು ಮಾಡಿದಷ್ಟು ಕಷ್ಟದ ಕೆಲಸವನ್ನು ಜೀವಮಾನದಲ್ಲಿ ಮಾಡಿರಲಿಲ್ಲ. ಹದಿಮೂರನೆಯ ದಿನ ಒಂದು ಹೆಣ್ಣಿಲಿ ಎದ್ದು ಬಂದು ಹೊಟ್ಟು ಕೆದಕಿತು. ಅವನು ಹೊರಗೆ ಹೋಗಿ ಡಾಕ್ಟರಮ್ಮನನ್ನು ಕೂಗಿದ.

ನಲವತ್ತು ದಿನ ಬಿಟ್ಟು ಉಗ್ರ ರೋಗಾಣು ಬಂದಾಗ ಬಾಗಿಲ ಬೀದಿ ಮಲಗಿತು, ಗೋಡೆ ಬೀದಿಯ ಇಪ್ಪತ್ತರಲ್ಲಿ ಹದಿನೆಂಟು ನಿಂತವು. ದೊಡ್ಡ ಸರ್ ಕೈ ಹಿಂದೆ ಕಟ್ಟಿಕೊಂಡು ಎರಡು ಸಲ ಎಣಿಸಿ, "ಹೂಂ," ಎಂದು ಹೊರಟುಹೋದರು. ಸಂಜೆ ಇಲಿಮಾವನ ಕೆಲಸದ ಕಾಗದ ಸಹಿಯಾಗಿ ಬಂತು. ಹನಿಕೊಳವೆಯ ಮಾತು ಅದರಲ್ಲಿ ಇರಲಿಲ್ಲ. ಅವನೂ ಕೇಳಲಿಲ್ಲ.

ಆಮೇಲೆ ಲೆಕ್ಕ ಮುಗಿಸುವ ದಿನ. ಹದಿನೆಂಟನ್ನೂ ಮಲಗಿಸಿ ಅವುಗಳ ಕರುಳು, ರಕ್ತ ಪರೀಕ್ಷೆಗೆ ಹೋಗಬೇಕು. ಎಂದಿನಂತೆ ಇಲಿಮಾವ ಪಕ್ಕದಲ್ಲಿ ನಿಂತ. ಕೊನೆಯದೂ ಆದ ಮೇಲೆ ಅವನು ಕೋಣೆಯ ಮೂಲೆಯಿಂದ ಹಳೆಯ ಪಂಜರವೊಂದನ್ನು ತಂದು ಮೇಜಿನ ಮೇಲಿಟ್ಟ. ಹಳೆಯ ಮೂಲೆಮನೆ. ಐದು ಪುಂಡರಿಗೂ ವಯಸ್ಸಾಗಿತ್ತು, ಆದರೂ ಮೇಜಿನ ತುಂಬ ಹೊಟ್ಟು ತೂರಿದರು.

"ಇವೂ ಬಾಕಿ ಇದಾವೆ," ಎಂದ, ಅವಳ ಮುಖ ನೋಡದೆ.

ಡಾಕ್ಟರಮ್ಮ ಒಂದೊಂದನ್ನೇ ಎತ್ತಿ, ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದುಕೊಂಡು ಮತ್ತೆ ಒಳಗಿಟ್ಟಳು. ಕೈಗವಸು ಕಳಚಿದಳು.

"ಇಷ್ಟು ಸಾಕು. ಇವನ್ನ ಬಿಡಿ ಮಾವ."

ಇಲಿಮಾವ ತಲೆ ಎತ್ತಿದ. ಗೋಡೆಯ ಮೇಲಿನ ಕಾಗದ ನೋಡಿದ, ಅವಳನ್ನು ನೋಡಿದ. ಈ ಸಲ ಅವನು ಕೇಳದೆ ಇರಲಿಲ್ಲ.

"ಯಾವ ಬಿಡಿ ಡಾಕ್ಟರಮ್ಮ?"

"ಹೊರಗೆ ಬಿಡೋದಲ್ಲ ಮತ್ತೆ!" ಅವಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಮುಟ್ಬೇಡಿ, ಮಲಗಿಸ್ಬೇಡಿ. ಇರೋಷ್ಟು ದಿನ ಇರ್ಲಿ ಅಂತ."

ಅವನು ಇನ್ನೊಂದು ಸಲ ಕೇಳಿ ಖಚಿತಪಡಿಸಿಕೊಂಡ. ಆಮೇಲೆ ಪಂಜರವನ್ನು ಎತ್ತಿಕೊಂಡು ಹೋಗಿ ಗೋಡೆ ಬೀದಿಯ ಮೂಲೆಯಲ್ಲಿ ಅದರ ಜಾಗದಲ್ಲೇ ಇಟ್ಟು, ಬಾಟಲಿ ತೊಳೆದು, ಸಾದಾ ನೀರು ತುಂಬಿ ಸಿಕ್ಕಿಸಿದ.